ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ: ಮೆಡಿಕಲ್ ಸಂದರ್ಶನದ ಅಂಜಿಕೆಯನ್ನು ಬಿಡಿಸಿ ನೋಡೋಣ

ಕಲಬುರಗಿಯಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಪುಣೆಯಿಂದ ಕರೆ ಬಂದಿದೆ. ಸೇನೆಯ ಮೆಡಿಕಲ್ ಕಾಲೇಜಿನ ಸಂದರ್ಶನ. ನೀಟ್‌ನಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ. ಮನೆಯವರು ಓಣಿಗೆಲ್ಲ ಪೇಢೆ ಹಂಚಿದರು. ಪೇಢೆ ಡಬ್ಬಿ ಖಾಲಿಯಾಗುವಷ್ಟರಲ್ಲಿ ಆಕೆಯ ನಿದ್ದೆಯೂ ಖಾಲಿಯಾಗಿತ್ತು.

ಮರುದಿನ ಸಂಜೆ ಆಕೆಯ ತಾಯಿ ನಮ್ಮ ಮನೆಗೆ ಬಂದರು. "ಸರ್, ಇಕಿ ಊಟಾನೇ ಬಿಟ್ಟಾಳ್ರೀ. ಎದಿ ಡವಡವ ಅನ್ಲಕತ್ತದ ಅಂತಾಳ. ನೀಟ್ ಪರೀಕ್ಷಾದಾಗ ಹಿಂಗ ಆಗಿದ್ದಿಲ್ಲ. ನೀವರ ಒಂದೀಟು ತಿಳಿಸಿ ಹೇಳ್ರಿ," ಅಂದರು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಹಾರ್ಮೋನುಗಳ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೇನೆ. ಆದರೂ ಆ ತಾಯಿಯ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: 'ಪರೀಕ್ಷಾದಾಗ ಹಿಂಗ ಆಗಿದ್ದಿಲ್ಲ.' ಹೌದಲ್ವಾ? 180 ಪ್ರಶ್ನೆ, 720 ಅಂಕ, ಲಕ್ಷಗಟ್ಟಲೆ ಮಕ್ಕಳ ಪೈಪೋಟಿ. ಅದಕ್ಕೆ ಅಂಜದ ಹುಡುಗಿ ಕೆಲವು ನಿಮಿಷದ ಮಾತುಕತೆಗೆ ಯಾಕೆ ಇಷ್ಟು ಅಂಜಬೇಕು? ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು ಇದು.

ಮೊದಲು ಒಂದು ಗೊಂದಲ ಬಗೆಹರಿಸೋಣ

ಎಂಬಿಬಿಎಸ್ ಸೀಟಿಗೆ ಸಂದರ್ಶನ ಇರುತ್ತದೆಯೇ ಎಂದು ಬಹಳ ಪಾಲಕರು ಕೇಳುತ್ತಾರೆ. ನಮ್ಮಲ್ಲಿ ಬಹುತೇಕ ಸೀಟುಗಳಿಗೆ ಇಲ್ಲ. ಕಲಬುರಗಿಯ ಜಿಮ್ಸ್ ಇರಲಿ, ಬೀದರಿನ ಬ್ರಿಮ್ಸ್ ಇರಲಿ, ಯಾದಗಿರಿಯ ಸರಕಾರಿ ಮೆಡಿಕಲ್ ಕಾಲೇಜು ಇರಲಿ, ನೀಟ್ ಅಂಕ ಮತ್ತು ಕೌನ್ಸೆಲಿಂಗ್ ಮೇಲೆಯೇ ಸೀಟು ಸಿಗುತ್ತದೆ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎಯವರು ದಾಖಲೆ ಪರಿಶೀಲನೆಗೆ ಕರೆದರೆ ಅದು ಸಂದರ್ಶನ ಅಲ್ಲ. ಅಲ್ಲಿ ನೋಡುವುದು ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್. ಮಾತಿನ ಪರೀಕ್ಷೆ ಇಲ್ಲ.

ಪುಣೆಯ ಆರ್ಮ್ಡ್ ಫೋರ್ಸಸ್ ಮೆಡಿಕಲ್ ಕಾಲೇಜಿನ ದಾರಿ ಬೇರೆ. ಜನ ಅದನ್ನು ಎಎಫ್‌ಎಂಸಿ ಅನ್ನುತ್ತಾರೆ. 1948ರಲ್ಲಿ ಶುರುವಾದ ಸಂಸ್ಥೆ, ವರ್ಷಕ್ಕೆ ಸುಮಾರು 150 ಎಂಬಿಬಿಎಸ್ ಸೀಟು. ನೀಟ್ ಅಂಕ ನೋಡಿ ಮೊದಲು ಒಂದು ಪಟ್ಟಿ ಮಾಡುತ್ತಾರೆ. ಪಟ್ಟಿಯಲ್ಲಿ ಇದ್ದವರನ್ನು ಪುಣೆಗೆ ಕರೆಸಿ ಇಂಗ್ಲಿಷ್ ಮತ್ತು ತರ್ಕದ ಸಣ್ಣ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ವೈದ್ಯಕೀಯ ತಪಾಸಣೆ ನಡೆಸುತ್ತಾರೆ. ಜೊತೆಗೆ 50 ಅಂಕದ ಸಂದರ್ಶನ. ಓದು ಮುಗಿದ ಮೇಲೆ ಸೇನಾ ವೈದ್ಯರಾಗಿ ಕೆಲಸ ಮಾಡಬೇಕಾದವರು, ಹಾಗಾಗಿ ಮಾತಾಡಿಸಿ ನೋಡುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ಹಿಂದೆ ದಶಕಗಳ ಕಾಲ ಸಂದರ್ಶನ ನಡೆಯುತ್ತಿತ್ತು. ಹೊರದೇಶಗಳಲ್ಲಂತೂ ಇದು ಮಾಮೂಲು.

ಇನ್ನೊಂದು ಮಾತು. ಸಂದರ್ಶನ ಇಲ್ಲದೆ ಸೀಟು ಸಿಕ್ಕವರಿಗೂ ಇದರಿಂದ ಪೂರ್ತಿ ಬಿಡುಗಡೆ ಇಲ್ಲ. ಎಂಬಿಬಿಎಸ್‌ನ ಪ್ರತಿ ಹಂತದಲ್ಲೂ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ ಇರುತ್ತದೆ. ಮೇಜಿನ ಆ ಕಡೆ ಪರೀಕ್ಷಕರು, ಈ ಕಡೆ ನೀವು, ನಡುವೆ ಒಂದು ಮೂಳೆ. 'ಇದು ಯಾವುದು, ಹೇಳಿ' ಎಂದು ಕೇಳಿದಾಗ ಆಗುವ ನಡುಕವೂ ಇದೇ ಜಾತಿಯದು.

ಮೈಯಲ್ಲಿ ಏನಾಗುತ್ತದೆ?

ಮೆದುಳಿನ ಒಳಭಾಗದಲ್ಲಿ ಬಾದಾಮಿ ಬೀಜದ ಆಕಾರದ ಒಂದು ಭಾಗ ಇದೆ. ಹೆಸರು ಅಮಿಗ್ಡಾಲಾ. ಗ್ರೀಕ್‌ನಲ್ಲಿ ಆ ಪದಕ್ಕೆ ಬಾದಾಮಿ ಎಂದೇ ಅರ್ಥ. ಇದರ ಕೆಲಸ ಹೊಲ ಕಾಯುವ ನಾಯಿಯ ಹಾಗೆ. ಏನೋ ಸದ್ದಾದರೆ ಸಾಕು, ಮೊದಲು ಬೊಗಳುತ್ತದೆ, ಆಮೇಲೆ ನೋಡುತ್ತದೆ. ಬಂದದ್ದು ಕಳ್ಳನೋ ಬೀಗರೋ ಅದಕ್ಕೆ ಬೇಕಿಲ್ಲ.

ಈ ಬೊಗಳಿಕೆ ಹೈಪೋಥಲಾಮಸ್ ಎಂಬ ಭಾಗಕ್ಕೆ ಕೇಳಿಸುತ್ತದೆ. ಅಲ್ಲಿಂದ ನರಗಳ ಮೂಲಕ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಸುದ್ದಿ ಹೋಗುತ್ತದೆ. ಅವು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಇದೆಲ್ಲ ಕೆಲವೇ ಸೆಕೆಂಡಿನ ಮಾತು. 'ಹೋರಾಡು ಇಲ್ಲವೇ ಓಡು' ಎಂಬ ಈ ತಯಾರಿಯನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಸುಮಾರು ನೂರು ವರ್ಷಗಳ ಹಿಂದೆಯೇ ವಿವರಿಸಿದ್ದರು.

ಈಗ ಒಂದೊಂದೇ ಲಕ್ಷಣ ನೋಡಿ. ಓಡಬೇಕಾದರೆ ಕಾಲಿನ ಸ್ನಾಯುಗಳಿಗೆ ರಕ್ತ ಜಾಸ್ತಿ ಬೇಕು. ಅದಕ್ಕೆ ಎದೆ ಡವಗುಟ್ಟುತ್ತದೆ. ಆ ರಕ್ತ ಎಲ್ಲಿಂದಲೋ ಬರಬೇಕಲ್ಲ? ಚರ್ಮದಿಂದ, ಹೊಟ್ಟೆಯಿಂದ ಕಡಿತ ಮಾಡುತ್ತದೆ. ಅದಕ್ಕೆ ಬೆರಳು ತಣ್ಣಗಾಗುತ್ತವೆ, ಹೊಟ್ಟೆ ತೊಳಸುತ್ತದೆ, ಹಸಿವು ಸಾಯುತ್ತದೆ. ನಮ್ಮ ಹುಡುಗಿ ಊಟ ಬಿಟ್ಟದ್ದು ಹಟದಿಂದ ಅಲ್ಲ. ಜೀರ್ಣದ ಕೆಲಸ ಸದ್ಯಕ್ಕೆ ಬಂದ್ ಆಗಿದೆ ಅಷ್ಟೆ. ಜೊಲ್ಲು ಕೂಡ ಜೀರ್ಣದ ಕೆಲಸಕ್ಕೆ ಸೇರಿದ್ದು. ಅದೂ ಕಡಿಮೆಯಾಗುತ್ತದೆ, ಬಾಯಿ ಒಣಗುತ್ತದೆ. ಗಂಟಲಿನ ಸಣ್ಣ ಸ್ನಾಯುಗಳು ಬಿಗಿಯಾಗುತ್ತವೆ, ಉಸಿರು ಗಿಡ್ಡವಾಗುತ್ತದೆ, ಹಾಗಾಗಿ ದನಿ ನಡುಗುತ್ತದೆ.

ಅಂದರೆ ಒಂದೂ ಕೆಟ್ಟುಹೋಗಿಲ್ಲ. ಯಂತ್ರ ಸರಿಯಾಗಿಯೇ ಓಡುತ್ತಿದೆ. ತೊಂದರೆ ಇಷ್ಟೇ: ಓಡಲು ತಯಾರಾದ ಮೈಯನ್ನು ನಾವು ಕುರ್ಚಿಯ ಮೇಲೆ ಕೂರಿಸಿ, 'ನಿಮ್ಮ ಬಗ್ಗೆ ಹೇಳಿ' ಎಂದು ಕೇಳುತ್ತೇವೆ.

ಅಡ್ರಿನಲಿನ್ ಬೇಗ ಬಂದು ಬೇಗ ಹೋಗುತ್ತದೆ. ಅದರ ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ನಿಧಾನಕ್ಕೆ ಏರುತ್ತದೆ. ಒತ್ತಡ ಶುರುವಾದ 20-30 ನಿಮಿಷಕ್ಕೆ ಅದು ತುದಿ ಮುಟ್ಟುತ್ತದೆ. ಇಳಿಯಲು ಇನ್ನೂ ಹೊತ್ತು ಬೇಕು. ಈ ಲೆಕ್ಕ ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಸ್ವಲ್ಪ ಅಂಜಿಕೆ ಬೇಕೇ ಬೇಕು

1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಬಿಳಿ ಮತ್ತು ಕಪ್ಪು ಪೆಟ್ಟಿಗೆಗಳಲ್ಲಿ ಸರಿಯಾದದ್ದನ್ನು ಆರಿಸಬೇಕು, ತಪ್ಪಿದರೆ ಸಣ್ಣ ಶಾಕ್. ಎರಡರ ವ್ಯತ್ಯಾಸ ಗುರುತಿಸುವುದು ಕಷ್ಟವಾಗಿದ್ದಾಗ ಇಲಿಗಳು ನಡುಮಟ್ಟದ ಶಾಕ್ ಇದ್ದಾಗಲೇ ಚೆನ್ನಾಗಿ ಕಲಿತವು. ತೀರಾ ಕಡಿಮೆಯಾದರೂ ಕಲಿಕೆ ನಿಧಾನ, ತೀರಾ ಜಾಸ್ತಿಯಾದರೂ ನಿಧಾನ.

ಜೋಳದ ರೊಟ್ಟಿ ಬೇಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಚು ಕಾಯದಿದ್ದರೆ ರೊಟ್ಟಿ ಹಸಿ ಉಳಿಯುತ್ತದೆ, ಅತಿಯಾಗಿ ಕಾದರೆ ಮೇಲೆ ಸೀದು ಒಳಗೆ ಹಸಿ. ಸಂದರ್ಶನಕ್ಕೆ ಹೋಗುವ ಮಗುವಿಗೆ ಅಂಜಿಕೆಯೇ ಇಲ್ಲ ಅಂದರೆ ಅದೂ ಒಳ್ಳೆಯ ಸುದ್ದಿಯಲ್ಲ. ಬೇಕಿರುವುದು ಉರಿ ಸಣ್ಣ ಮಾಡುವುದು, ಒಲೆ ಆರಿಸುವುದಲ್ಲ.

ಗೊತ್ತಿದ್ದದ್ದೇ ಯಾಕೆ ಮರೆತುಹೋಗುತ್ತದೆ?

ನಮ್ಮ ಮೆದುಳಿಗೆ ಎರಡು ಬಗೆಯ ನೆನಪು ಇದೆ ಅಂದುಕೊಳ್ಳಿ. ಒಂದು ಗೋದಾಮು. ಓದಿದ್ದು, ಕಂಡದ್ದು, ಕೇಳಿದ್ದು ಎಲ್ಲ ಅಲ್ಲಿ ಇರುತ್ತದೆ. ಇನ್ನೊಂದು ಈ ಕ್ಷಣದ ಕೆಲಸಕ್ಕೆ ಬೇಕಾದ್ದನ್ನು ಹಿಡಿದಿಡುವ ಸಣ್ಣ ಜಾಗ. ಇದನ್ನು ಕಾರ್ಯನಿರತ ನೆನಪು ಎನ್ನುತ್ತಾರೆ. ಇಲ್ಲಿ ಒಮ್ಮೆಗೆ ನಾಲ್ಕೈದು ವಿಷಯ ಹಿಡಿಸಿದರೆ ಹೆಚ್ಚು.

ಇದು ನಮ್ಮ ಟಂಟಂ ಗಾಡಿ ಇದ್ದ ಹಾಗೆ. ಸೀಟು ಇರುವುದೇ ಕೆಲವು. 'ಕೈ ನಡುಗುತ್ತಿದೆ' ಎಂಬ ಚಿಂತೆ ಒಂದು ಸೀಟು ಹಿಡಿಯಿತು. 'ಸರ್ ಯಾಕೆ ನಗುತ್ತಿಲ್ಲ' ಎಂಬುದು ಇನ್ನೊಂದು. 'ಅಪ್ಪ ಹೊರಗೆ ಕಾಯುತ್ತಿದ್ದಾರೆ' ಎಂಬುದು ಮತ್ತೊಂದು. ಗೋದಾಮಿನಿಂದ ಬಂದ ಉತ್ತರ ಗಾಡಿ ಹತ್ತಲು ಹೋದರೆ ಜಾಗವೇ ಇಲ್ಲ. ಟಂಟಂನಲ್ಲಾದರೆ 'ಸರೀರಿ, ಸರೀರಿ' ಎಂದು ಹತ್ತು ಜನರನ್ನು ತುರುಕಬಹುದು. ಮೆದುಳಿನಲ್ಲಿ ಆಗುವುದಿಲ್ಲ.

ಅದಕ್ಕೇ ಕೋಣೆಯಿಂದ ಹೊರಗೆ ಬಂದ ಕೂಡಲೇ ಉತ್ತರ ನೆನಪಾಗುತ್ತದೆ. ಉತ್ತರ ಎಲ್ಲೂ ಹೋಗಿರಲಿಲ್ಲ. ಚಿಂತೆಗಳು ಇಳಿದವು, ಅದು ಹತ್ತಿತು.

ಪರೀಕ್ಷೆಗಿಂತ ಸಂದರ್ಶನ ಯಾಕೆ ಹೆಚ್ಚು ಹೆದರಿಸುತ್ತದೆ?

ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಒತ್ತಡವನ್ನು ಅಭ್ಯಾಸ ಮಾಡುವ ವಿಜ್ಞಾನಿಗಳಿಗೆ ಒಂದು ಕಷ್ಟ ಇತ್ತು. ಪ್ರಯೋಗಾಲಯದಲ್ಲಿ ಆರೋಗ್ಯವಂತ ಜನರಿಗೆ, ಹಾನಿ ಮಾಡದೆ, ನಂಬಬಹುದಾದ ರೀತಿಯಲ್ಲಿ ಒತ್ತಡ ತರಿಸುವುದು ಹೇಗೆ? 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವಿಧಾನ ಪ್ರಕಟಿಸಿದರು. ಇಂದಿಗೂ ಜಗತ್ತಿನ ಎಲ್ಲ ಕಡೆ ಅದನ್ನೇ ಬಳಸುತ್ತಾರೆ. ಏನು ಗೊತ್ತೇ ಅದು? ಸುಳ್ಳು ಸಂದರ್ಶನ!

ಅಪರಿಚಿತರ ಒಂದು ಮಂಡಳಿಯ ಮುಂದೆ ನಿಂತು ಐದು ನಿಮಿಷ 'ಈ ಕೆಲಸಕ್ಕೆ ನಾನೇ ಯಾಕೆ ತಕ್ಕವನು' ಎಂದು ಮಾತಾಡಬೇಕು. ಆಮೇಲೆ 1022ರಿಂದ 13 ಕಳೆಯುತ್ತ ಹೋಗಬೇಕು, ಬಾಯಿಲೆಕ್ಕದಲ್ಲಿ, ಗಟ್ಟಿಯಾಗಿ. ತಪ್ಪಿದರೆ ಮೊದಲಿನಿಂದ. ಮಂಡಳಿಯವರಿಗೆ ಒಂದೇ ಸೂಚನೆ: ನಗಬಾರದು, ತಲೆಯಾಡಿಸಬಾರದು, ಮುಖದಲ್ಲಿ ಏನೂ ತೋರಿಸಬಾರದು. ಇಷ್ಟಕ್ಕೇ ಬಹುತೇಕರ ಕಾರ್ಟಿಸಾಲ್ ಸರಕ್ಕನೆ ಏರುತ್ತದೆ.

2004ರಲ್ಲಿ ಡಿಕರ್‌ಸನ್ ಮತ್ತು ಕೆಮೆನಿ ಎಂಬ ಇಬ್ಬರು ಇಂತಹ 208 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎರಡು ಸಂಗತಿ ಸೇರಿದಾಗ ಕಾರ್ಟಿಸಾಲ್ ಎಲ್ಲಕ್ಕಿಂತ ಜಾಸ್ತಿ ಏರುತ್ತಿತ್ತು. ಒಂದು, ಬೇರೆಯವರು ನಮ್ಮನ್ನು ತೂಗಿ ನೋಡುತ್ತಿದ್ದಾರೆ ಎಂಬ ಅರಿವು. ಎರಡು, ಮುಂದೆ ಏನಾಗುತ್ತದೋ ನಮ್ಮ ಕೈಯಲ್ಲಿ ಇಲ್ಲ ಎಂಬ ಅನಿಸಿಕೆ.

ನೀಟ್‌ನಲ್ಲಿ ಇವೆರಡೂ ಕಡಿಮೆ. ಒಎಂಆರ್ ಹಾಳೆ ನಿಮ್ಮ ಮುಖ ನೋಡುವುದಿಲ್ಲ. ಗೊತ್ತಿಲ್ಲದ ಪ್ರಶ್ನೆ ಬಿಟ್ಟು ಮುಂದೆ ಹೋಗಬಹುದು, ಮತ್ತೆ ತಿರುಗಿ ಬರಬಹುದು. ಸಂದರ್ಶನದಲ್ಲಿ ಎದುರಿಗೆ ಕಣ್ಣುಗಳಿವೆ, ಮತ್ತು ಮುಂದಿನ ಪ್ರಶ್ನೆ ಅವರ ಬಾಯಲ್ಲಿದೆ. ಮೈ ಮಾಡುತ್ತಿರುವ ಲೆಕ್ಕ ಸರಿಯಾಗಿಯೇ ಇದೆ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ನಗದ ಮುಖ ಎಂದರೆ ಸಿಟ್ಟಿನ ಮುಖ ಅಲ್ಲ. ಎಲ್ಲ ಅಭ್ಯರ್ಥಿಗಳನ್ನೂ ಒಂದೇ ರೀತಿ ನೋಡಬೇಕು ಎಂದು ಎಷ್ಟೋ ಪರೀಕ್ಷಕರು ಬೇಕಂತಲೇ ಮುಖ ಸಪ್ಪೆ ಇಟ್ಟುಕೊಳ್ಳುತ್ತಾರೆ. ಬೆಳಗಿನಿಂದ ಹತ್ತಾರು ಮಕ್ಕಳನ್ನು ಮಾತಾಡಿಸಿ ದಣಿದಿರಲೂಬಹುದು.

ಒಳಗಿನ ನಡುಕ ಹೊರಗೆ ಎಷ್ಟು ಕಾಣುತ್ತದೆ?

ನಾವು ಅಂದುಕೊಂಡಷ್ಟು ಕಾಣುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಅಳೆದು ನೋಡಿದ್ದು. ನಮ್ಮ ಮನಸ್ಸಿನ ಸ್ಥಿತಿ ಗಾಜಿನೊಳಗಿನ ದೀಪದಂತೆ ಎಲ್ಲರಿಗೂ ಕಾಣುತ್ತಿದೆ ಎಂದು ನಾವು ನಂಬುತ್ತೇವೆ. ಮನೋವಿಜ್ಞಾನಿಗಳು ಇದನ್ನು ಪಾರದರ್ಶಕತೆಯ ಭ್ರಮೆ ಎಂದು ಕರೆದಿದ್ದಾರೆ.

2003ರಲ್ಲಿ ಸವಿಟ್‌ಸ್ಕಿ ಮತ್ತು ಗಿಲೊವಿಚ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಂದ ಭಾಷಣ ಮಾಡಿಸಿದರು. ಭಾಷಣ ಮಾಡಿದವರು 'ನನ್ನ ಅಂಜಿಕೆ ಎಲ್ಲರಿಗೂ ಗೊತ್ತಾಯಿತು' ಅಂದುಕೊಂಡಿದ್ದರು. ಕೇಳಿದವರಿಗೆ ಅಷ್ಟೇನೂ ಗೊತ್ತಾಗಿರಲಿಲ್ಲ. ನನಗೆ ಹಿಡಿಸಿದ್ದು ಅದರ ಮುಂದಿನ ಭಾಗ. ಕೆಲವರಿಗೆ ಭಾಷಣಕ್ಕೆ ಮೊದಲೇ 'ನಿಮ್ಮ ಅಂಜಿಕೆ ನೀವು ತಿಳಿದಷ್ಟು ಹೊರಗೆ ಕಾಣಲ್ಲ' ಎಂದು ವಿವರಿಸಿ ಹೇಳಿದ್ದರು. ಆ ಗುಂಪಿನವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು, ಕೇಳಿದವರ ಲೆಕ್ಕದಲ್ಲೂ. ಬರೀ ತಿಳಿದುಕೊಂಡದ್ದೇ ಕೆಲಸ ಮಾಡಿತು.

ಟಂಟಂ ಲೆಕ್ಕದಲ್ಲಿ ಹೇಳುವುದಾದರೆ, 'ಇವರಿಗೆ ಗೊತ್ತಾಗ್ತಿದೆ' ಎಂಬ ಒಬ್ಬ ಪ್ರಯಾಣಿಕ ಇಳಿದ.

'ಅಂಜಬ್ಯಾಡ' ಅಂದರೆ ಅಂಜಿಕೆ ಹೋಗುತ್ತದೆಯೇ?

ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದು ವೈದ್ಯ ಹೇಳಿದನಂತೆ. ರೋಗಿಗೆ ಲೋಟ ಕೈಗೆತ್ತಿಕೊಂಡಾಗಲೆಲ್ಲ ಮಂಗನೇ ಕಣ್ಣ ಮುಂದೆ! ನಮ್ಮಲ್ಲಿ ಅಜ್ಜಿಯರು ಹೇಳುವ ಈ ಕತೆಯನ್ನೇ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನೋವಿಜ್ಞಾನಿ 1987ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅವರ ಪ್ರಯೋಗದಲ್ಲಿ ಮಂಗನ ಬದಲು ಬಿಳಿ ಕರಡಿ ಇತ್ತು. ಬೇಡ ಅಂದ ವಿಚಾರ ಮತ್ತೆ ಮತ್ತೆ ಬರುತ್ತದೆ, ಯಾಕೆಂದರೆ ಅದು ಬಂತೋ ಇಲ್ಲವೋ ಎಂದು ಮನಸ್ಸು ಕಾಯುತ್ತ ಕೂತಿರುತ್ತದೆ.

ಹಾಗಾದರೆ ಏನು ಹೇಳಿಕೊಳ್ಳಬೇಕು? 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಒಂದು ಸರಳ ಕೆಲಸ ಮಾಡಿ ನೋಡಿದರು. ಹಾಡುವ, ಭಾಷಣ ಮಾಡುವ, ಲೆಕ್ಕ ಬಿಡಿಸುವ ಮೊದಲು ಕೆಲವರಿಗೆ 'ಶಾಂತವಾಗಿರಬೇಕು' ಎಂದು ಹೇಳಿಕೊಳ್ಳುವಂತೆ, ಕೆಲವರಿಗೆ 'ನನಗೆ ಹುರುಪು ಬಂದಿದೆ' ಎಂದು ಹೇಳಿಕೊಳ್ಳುವಂತೆ ಮಾಡಿದರು. ಹುರುಪಿನ ಗುಂಪೇ ಮೇಲಾಯಿತು.

ಕಾರಣ ಕೇಳಿದರೆ ಹೌದೆನಿಸುತ್ತದೆ. ಜಾತ್ರೆಯ ದಿನ ಶರಣಬಸವೇಶ್ವರರ ತೇರು ಹೊರಡುವ ಹೊತ್ತಿಗೆ ನಿಮ್ಮ ಎದೆ ಹೇಗೆ ಬಡಿಯುತ್ತದೆ? ಸಂದರ್ಶನದ ಬಾಗಿಲಲ್ಲೂ ಹಾಗೆಯೇ. ಎರಡರಲ್ಲೂ ಅಡ್ರಿನಲಿನ್ ಅದೇ, ಬಡಿತ ಅದೇ. ಹೆಸರು ಮಾತ್ರ ಬೇರೆ. ಓಡುತ್ತಿರುವ ಎದೆಯನ್ನು ಒಮ್ಮೆಲೆ ನಿಲ್ಲಿಸುವುದು ಕಷ್ಟ, ಅದಕ್ಕೆ ಇನ್ನೊಂದು ಹೆಸರು ಕೊಡುವುದು ಸುಲಭ. ಮನೆಯವರು 'ಅಂಜಬ್ಯಾಡ' ಬಿಟ್ಟು 'ಎದಿ ಬಡಿಲಿ ಬಿಡು, ಮೈ ತಯಾರಾಗ್ಲಕತ್ತದ' ಅಂದರೆ ಸಾಕು.

ಉಸಿರಿನ ಕೆಲಸ

ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಉಸಿರು ಒಳಗೆ ಎಳೆದಾಗ ನಾಡಿ ಕೊಂಚ ಬೇಗ ಆಗುತ್ತದೆ, ಹೊರಗೆ ಬಿಟ್ಟಾಗ ಕೊಂಚ ನಿಧಾನ. ಹುಡುಗರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಉಸಿರು ಬಿಡುವಾಗ ವೇಗಸ್ ಎಂಬ ಉದ್ದನೆಯ ನರ ಎದೆಬಡಿತಕ್ಕೆ ಬ್ರೇಕ್ ಒತ್ತುತ್ತದೆ. ಹಾಗಾಗಿ ಉಸಿರು ಬಿಡುವ ಹೊತ್ತನ್ನು ಉದ್ದ ಮಾಡಿದರೆ ಬ್ರೇಕ್ ಮೇಲೆ ಕಾಲು ಹೆಚ್ಚು ಹೊತ್ತು ಇದ್ದ ಹಾಗೆ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ನಿಮಿಷಕ್ಕೆ ಆರು ಉಸಿರು. ಹೊರಗೆ ಬೆಂಚಿನ ಮೇಲೆ ಕಾಯುವಾಗ ನಾಲ್ಕೈದು ನಿಮಿಷ ಹೀಗೆ ಮಾಡಿದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಜೋರಾಗಿ, ಬೇಗ ಬೇಗ ಉಸಿರೆಳೆದರೆ ಉಲ್ಟಾ ಆಗುತ್ತದೆ, ತಲೆ ಸುತ್ತುತ್ತದೆ.

ಆ ದಿನವೇ ಮೊದಲ ಸಲ ಮಾಡಬೇಡಿ. ವಾರ ಮೊದಲೇ ದಿನಾ ಮಲಗುವ ಮುಂದೆ ಮಾಡಿ ರೂಢಿಯಾಗಲಿ.

ನಿಜವಾದ ಮದ್ದು: ಬಾಯಿಗೆ ಅಭ್ಯಾಸ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ನಮ್ಮ ಮಕ್ಕಳು ಹನ್ನೆರಡು ವರ್ಷ ಬರೆದು ಬರೆದು ಪಾಸಾಗುತ್ತಾರೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೇಳುವ ಒಂದೆರಡು ವೈವಾ ಪ್ರಶ್ನೆ ಬಿಟ್ಟರೆ ಬಾಯಿ ತೆರೆದು ಉತ್ತರ ಹೇಳುವ ಸಂದರ್ಭವೇ ಬರುವುದಿಲ್ಲ. ಕ್ಲಾಸಿನಲ್ಲಿ ನಾವೇ ಮಾತಾಡುತ್ತೇವೆ, ಅವರು ಕೇಳುತ್ತಾರೆ. (ತಪ್ಪು ನಮ್ಮದೂ ಇದೆ.) ದಡದ ಮೇಲೆ ಕೂತು ಈಜಿನ ಪುಸ್ತಕ ಓದಿದವರನ್ನು ಭೀಮಾ ನದಿಗೆ ಇಳಿಸಿದಂತೆ ಆಗುತ್ತದೆ.

ಟ್ರಿಯರ್ ಸಂಶೋಧಕರು 1995ರಲ್ಲಿ ಅದೇ ಜನರನ್ನು ಐದು ದಿನ ಮತ್ತೆ ಮತ್ತೆ ಆ ಸುಳ್ಳು ಸಂದರ್ಶನಕ್ಕೆ ಕರೆಸಿದರು. ಹೆಚ್ಚಿನವರಲ್ಲಿ ಎರಡನೇ ದಿನದಿಂದಲೇ ಕಾರ್ಟಿಸಾಲಿನ ಏರಿಕೆ ಬಹಳ ಇಳಿಯಿತು. ಕೆಲವರಲ್ಲಿ ಮಾತ್ರ ದಿನಾ ಏರುತ್ತಲೇ ಇತ್ತು. ಕಾವಲು ನಾಯಿಗೆ ಬೀಗರ ಮುಖ ಪರಿಚಯವಾಗಲು ಬೀಗರು ನಾಲ್ಕು ಸಲ ಬರಲೇಬೇಕು. ಬೇರೆ ದಾರಿ ಇಲ್ಲ.

ನಮ್ಮ ಹುಡುಗಿಗೆ ಹೇಳಿದ್ದು ಹೀಗೆ. ಕನ್ನಡಿ ಮುಂದೆ ಹೇಳುವುದು ಮೊದಲ ಮೆಟ್ಟಿಲು ಮಾತ್ರ, ಕನ್ನಡಿ ಯಾರನ್ನೂ ತೂಗುವುದಿಲ್ಲ. ಮನೆಯಲ್ಲಿ ಮೂರು ಕುರ್ಚಿ ಹಾಕಿ. ಒಂದರಲ್ಲಿ ದೊಡ್ಡಪ್ಪ, ಒಂದರಲ್ಲಿ ಪಕ್ಕದ ಮನೆ ಬ್ಯಾಂಕಿನ ಕಾಕಾ, ಒಂದರಲ್ಲಿ ಅಷ್ಟು ಪರಿಚಯ ಇಲ್ಲದ ಟೀಚರ್. ಮೂವರಿಗೂ ನಗಬಾರದು ಎಂದು ತಾಕೀತು. ಬಾಗಿಲು ತಟ್ಟಿ ಒಳಗೆ ಬರುವುದರಿಂದ ಹಿಡಿದು ಎದ್ದು ಹೋಗುವವರೆಗೆ ಪೂರ್ತಿ ನಾಟಕ ಆಡಬೇಕು. ಆ ದಿನ ಹಾಕಿಕೊಳ್ಳುವ ಬಟ್ಟೆಯನ್ನೇ ಹಾಕಿಕೊಂಡು. ನಡುವೆ ಒಮ್ಮೆ ದೊಡ್ಡಪ್ಪ ಬೇಕಂತಲೇ ಮಾತು ತುಂಡರಿಸಬೇಕು. ಫೋನಿನಲ್ಲಿ ವಿಡಿಯೊ ಮಾಡಿಟ್ಟು ಮರುದಿನ ನೋಡಬೇಕು. ಮೊದಲ ದಿನ ಆಕೆಯ ದೊಡ್ಡಪ್ಪನಿಗೇ ನಗು ತಡೆಯಲಾಗಲಿಲ್ಲವಂತೆ, ಎದ್ದು ಹೊರಗೆ ಹೋಗಿ ಬಂದರಂತೆ. ಎರಡನೇ ದಿನ ಸರಿಹೋಯಿತು.

ಉತ್ತರವನ್ನು ಅಕ್ಷರ ಅಕ್ಷರ ಬಾಯಿಪಾಠ ಮಾಡುವ ಚಟ ಬಿಡಬೇಕು. ಬಾಯಿಪಾಠ ರೈಲಿನ ಡಬ್ಬಿಗಳಿದ್ದಂತೆ, ನಡುವಿನ ಒಂದು ಕೊಂಡಿ ಕಳಚಿದರೆ ಹಿಂದಿನದೆಲ್ಲ ಅಲ್ಲೇ ನಿಲ್ಲುತ್ತದೆ. ಒಂದು ಪ್ರಶ್ನೆಗೆ ಮೂರು ಅಂಶ ನೆನಪಿಟ್ಟರೆ ಸಾಕು. ವಾಕ್ಯ ಪ್ರತಿ ಸಲ ಹೊಸದಾಗಿ ಹುಟ್ಟಲಿ.

ಮತ್ತೆ, ನಮಗೆ ಗೊತ್ತಿರುವ ನೆಲದ ಮೇಲೆ ನಿಂತರೆ ಕಾಲು ಕಡಿಮೆ ನಡುಗುತ್ತವೆ. 'ನಿಮ್ಮ ಊರಿನ ಬಗ್ಗೆ ಹೇಳಿ' ಎನ್ನುವುದು ಸಂದರ್ಶನಗಳಲ್ಲಿ ಸಾಮಾನ್ಯ ಪ್ರಶ್ನೆ. 1347ರಲ್ಲಿ ಬಹಮನಿ ರಾಜ್ಯಕ್ಕೆ ರಾಜಧಾನಿಯಾದ ಊರು ನಮ್ಮದು. ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದು, ಅದಕ್ಕೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಮುಚ್ಚಿದ ಕಟ್ಟಡ. ಶರಣಬಸವೇಶ್ವರರ ಗುಡಿ, ಖಾಜಾ ಬಂದೇ ನವಾಜ್ ದರ್ಗಾ, ತೊಗರಿ ಹೊಲ, ಶಹಾಬಾದಿನ ಹಾಸುಗಲ್ಲು. ಬೀದರಿನ ಹುಡುಗನಾದರೆ ಬಿದರಿ ಕಲೆ ಇದೆ. ಯಾದಗಿರಿಯವನಾದರೆ ಬೆಟ್ಟದ ಕೋಟೆ ಇದೆ. ಇದನ್ನು ಯಾವ ಗೈಡ್ ಪುಸ್ತಕದಿಂದಲೂ ಓದಬೇಕಿಲ್ಲ. ನಮ್ಮ ಹುಡುಗಿ ಮಾತ್ರ ಇಷ್ಟು ದಿನ ಊರಿನಲ್ಲಿದ್ದೂ ಕೋಟೆ ಒಳಗೆ ಹೋಗಿರಲಿಲ್ಲ. ಹೋದ ಭಾನುವಾರ ಹೋಗಿ ಬಂದಳು.

ಇಂಗ್ಲಿಷಿನ ಅಂಜಿಕೆ ಬೇರೆ ಲೆಕ್ಕ

ನಮ್ಮ ಕಡೆಯ ಮಕ್ಕಳಿಗೆ ಅರ್ಧ ಅಂಜಿಕೆ ಸಂದರ್ಶನದ್ದಲ್ಲ, ಇಂಗ್ಲಿಷಿನದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುನಲ್ಲಿ ದಿಢೀರನೆ ಇಂಗ್ಲಿಷ್. ಓದಿದರೆ ಅರ್ಥವಾಗುತ್ತದೆ, ಬರೆಯಲು ಬರುತ್ತದೆ, ಆದರೆ ಮಾತು ತಡವರಿಸುತ್ತದೆ.

ರೂಢಿ ಇಲ್ಲದ ಭಾಷೆಯಲ್ಲಿ ಮಾತಾಡುವಾಗ ಪದ ಹುಡುಕುವುದೇ ಟಂಟಂನ ಒಂದು ಸೀಟು ಹಿಡಿಯುತ್ತದೆ. ಅದಕ್ಕೆ ವಿಚಾರವನ್ನು ಮೊದಲು ಕನ್ನಡದಲ್ಲಿ ಗಟ್ಟಿ ಮಾಡಿಕೊಳ್ಳಿ. ಡಾಕ್ಟರ್ ಯಾಕೆ ಆಗಬೇಕು, ಸೇನೆಯೇ ಯಾಕೆ ಎಂಬುದನ್ನು ಅವ್ವನಿಗೆ ನಮ್ಮ ಮಾತಿನಲ್ಲಿ ಹೇಳಿ ಒಪ್ಪಿಸಿ. ಅದು ಗಟ್ಟಿಯಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಕ್ಕೆ ಇಳಿಸಿ. ವಿಚಾರ ಮತ್ತು ಭಾಷೆ ಎರಡನ್ನೂ ಆ ಕೋಣೆಯಲ್ಲೇ ಹುಡುಕಲು ಹೋಗಬೇಡಿ.

ಎರಡು ವಾಕ್ಯ ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಾಯಿಗೆ ಬರುವಂತಿರಲಿ. 'ಸಾರಿ ಸರ್, ಕುಡ್ ಯು ಪ್ಲೀಸ್ ರಿಪೀಟ್ ದ ಕ್ವೆಶ್ಚನ್?' ಇನ್ನೊಂದು, 'ಐ ಡೋಂಟ್ ನೋ, ಸರ್.' ಮೊದಲನೆಯದು ಉಸಿರಾಡಲು ಹತ್ತು ಸೆಕೆಂಡು ಕೊಡುತ್ತದೆ. ಎರಡನೆಯದು ಕೈಯಲ್ಲಿಲ್ಲದ ಪರಿಸ್ಥಿತಿಯನ್ನು ಕೈಗೆ ತರುತ್ತದೆ. ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನುವ ಡಾಕ್ಟರೇ ರೋಗಿಗೂ ಬೇಕು ತಾನೇ?

ಹಿಂದಿನ ರಾತ್ರಿ, ಆ ಬೆಳಿಗ್ಗೆ

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೊಲ್ಲಾಪುರ ದಾಟಿ ಪುಣೆ. ಸಾಧ್ಯವಾದರೆ ಒಂದು ದಿನ ಮೊದಲೇ ಹೋಗಿ ಇಳಿಯುವುದು ಲೇಸು. ಸಂಜೆ ಒಮ್ಮೆ ಕಾಲೇಜಿನ ಗೇಟಿನವರೆಗೆ ಹೋಗಿ ನೋಡಿಬಂದರೆ ಮರುದಿನದ ಒಂದು ಗೊತ್ತಿಲ್ಲದ ಸಂಗತಿ ಕಡಿಮೆಯಾಗುತ್ತದೆ.

ಚಹಾ, ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗಿರುತ್ತದೆ. ನಿದ್ದೆ ಬರಲಿಲ್ಲ ಅಂದರೆ ಗಾಬರಿ ಬೇಡ, ಒಂದು ರಾತ್ರಿ ನಿದ್ದೆ ಕಡಿಮೆಯಾದರೆ ಕೆಲವು ನಿಮಿಷದ ಮಾತು ಕೆಡುವುದಿಲ್ಲ. ಬೆಳಿಗ್ಗೆ ಹೊಟ್ಟೆ ಖಾಲಿ ಇಡಬೇಡಿ, ಹಾಗಂತ ಸುಸ್ಲಾ ಮಿರ್ಚಿಯೂ ಬೇಡ. ಹೊಟ್ಟೆ ಆಗಲೇ ಅರ್ಧ ರಜೆಯಲ್ಲಿದೆ. ಇಡ್ಲಿ, ಬಾಳೆಹಣ್ಣು ಸಾಕು. ಒಳಗೆ ಹೋಗುವ ಮುಂದೆ ಒಂದೆರಡು ಗುಟುಕು ನೀರು.

ಗುಳಿಗೆ ತೆಗೆದುಕೊಳ್ಳಬಹುದೇ?

'ಒಂದು ಗುಳಿಗಿ ತಗೊಂಡ್ರ ಎದಿ ಬಡಿಯೋದು ನಿಲ್ಲತದಂತ' ಎಂದು ಯಾರೋ ಹೇಳಿರುತ್ತಾರೆ. ಪ್ರೊಪ್ರಾನೊಲಾಲ್ ಎಂಬ ಔಷಧಿ ಅಡ್ರಿನಲಿನ್ ಹೃದಯವನ್ನು ಮುಟ್ಟದಂತೆ ತಡೆಯುತ್ತದೆ, ನಿಜ. ಆದರೆ ದಮ್ಮು ಇದ್ದವರಿಗೆ ಅದು ಅಪಾಯ. ನಿದ್ದೆ ಗುಳಿಗೆಗಳು ತಲೆಯನ್ನೇ ಮಂಕು ಮಾಡುತ್ತವೆ. ಡಾಕ್ಟರು ಬರೆದುಕೊಡದೆ, ಇನ್ನೊಬ್ಬರ ಡಬ್ಬಿಯಿಂದ ತೆಗೆದು ನುಂಗುವ ಕೆಲಸ ಬೇಡವೇ ಬೇಡ.

ವಾರಗಟ್ಟಲೆ ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಬದುಕೇ ಬೇಡ ಅನಿಸುತ್ತದೆ ಅಂದರೆ ಅದು ಸಂದರ್ಶನದ ಅಂಜಿಕೆ ಅಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರಲ್ಲಿ ಶುರುವಾದ ಇದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೊರಗೆ ಬಂದ ಮೇಲೆ

ಕಾರ್ಟಿಸಾಲಿನ ಲೆಕ್ಕ ನೆನಪಿದೆಯಾ? ಸಂದರ್ಶನ ಮುಗಿಸಿ ಹೊರಗೆ ಬರುವ ಹೊತ್ತಿಗೆ ಅದು ಹೆಚ್ಚುಕಡಿಮೆ ತುದಿಯಲ್ಲಿರುತ್ತದೆ. ಇಳಿಯಲು ಇನ್ನೊಂದು ತಾಸಾದರೂ ಬೇಕು. ಆ ತಾಸಿನಲ್ಲಿ ಮನಸ್ಸು ತಡವರಿಸಿದ ಒಂದೇ ಉತ್ತರವನ್ನು ಹತ್ತು ಸಲ ತಿರುಗಿಸಿ ತೋರಿಸುತ್ತದೆ. ಸರಿಯಾಗಿ ಹೇಳಿದ್ದು ಒಂದೂ ನೆನಪಿಗೆ ಬರುವುದಿಲ್ಲ. ಸಂದರ್ಶನ ಹೇಗಾಯಿತು ಎಂದು ಆಗ ಕೇಳಿದರೆ ಸಿಗುವ ಉತ್ತರ ನಂಬಲು ಯೋಗ್ಯವಲ್ಲ.

ಆದರೆ ಫೋನು ಬರುವುದೇ ಆಗ. ಗೇಟು ದಾಟುವ ಮೊದಲೇ 'ಹ್ಯಾಂಗಾಯ್ತು?' ಅಂತ. ಆ ತಾಯಿಗೆ ನಾನು ಹೇಳಿದ್ದು ಇಷ್ಟೇ. ಫೋನು ಮಾಡಬೇಡಿ ಅಂದರೆ ನೀವು ಕೇಳುವವರಲ್ಲ, ಮಾಡಿ. ಆದರೆ ಮೊದಲು 'ಊಟ ಆಯ್ತೇನವ್ವ?' ಅಂತ ಕೇಳಿ. ಹೊಟ್ಟೆಯ ರಜೆ ಅಷ್ಟರಲ್ಲಿ ಮುಗಿದಿರುತ್ತದೆ, ಹುಡುಗಿಗೆ ಹಸಿವಾಗಿರುತ್ತದೆ.